ಈಮ್: ಡರ್ಬಿಶೈರ್‌ನ ಪ್ಲೇಗ್ ಗ್ರಾಮ

ಈಮ್ ಇಂಗ್ಲೆಂಡಿನ ಡರ್ಬಿಶೈರ್ ಕೌಂಟಿಯಲ್ಲಿ, ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದ ಎಲ್ಲೆಯೊಳಗೆ ಇರುವ ಸಣ್ಣ ಗ್ರಾಮ. 2011ರ ಜನಗಣತಿಯಂತೆ ಇದರ ಜನಸಂಖ್ಯೆ 969. ಸೀಸದ ಗಣಿಗಳನ್ನು ನಂಬಿ ಬೆಳೆದ ಈ ಊರು 1665ರ ಸೆಪ್ಟೆಂಬರಿನಿಂದ 1666ರ ನವೆಂಬರಿನವರೆಗೆ ಪ್ಲೇಗಿಗೆ ತುತ್ತಾಯಿತು. ರೋಗ ನೆರೆಯ ಊರುಗಳಿಗೆ ಹರಡಬಾರದೆಂದು ತನ್ನ ಗಡಿಯನ್ನು ತಾನೇ ಮುಚ್ಚಿಕೊಂಡದ್ದರಿಂದ ಹೆಸರಾಯಿತು. ಇಲ್ಲಿನ ಚರ್ಚು, ಸಮಾಧಿಗಳು, ಗಡಿಕಲ್ಲು, ಬುಗ್ಗೆ, ಕಣಿವೆ ಎಲ್ಲವನ್ನೂ ಇಂದು ಆ ಹದಿನಾಲ್ಕು ತಿಂಗಳ ಕಥೆಯ ಮೂಲಕವೇ ನೋಡಲಾಗುತ್ತದೆ. ಆದರೆ ಈ ಗುರುತುಗಳಲ್ಲಿ ಬಹುಪಾಲಿಗೆ ಎರಡೆರಡು ಕಾಲಗಳಿವೆ. ಒಂದು, ಘಟನೆ ನಡೆದ ಕಾಲ. ಇನ್ನೊಂದು, ನಡೆದದ್ದನ್ನು ಸ್ಮಾರಕವಾಗಿ ಗುರುತಿಸಿದ ಕಾಲ. ಇವೆರಡನ್ನೂ ಬೇರ್ಪಡಿಸಿ ನೋಡಿದಾಗ ಒಬ್ಬ ಪಾದ್ರಿಯ ಏಕಾಂಗಿ ಸಾಹಸದ ಬದಲು ಕಾನೂನು, ದವಸದ ಸರಬರಾಜು, ಇಬ್ಬರು ಪಾದ್ರಿಗಳ ಹೊಂದಾಣಿಕೆ ಹಾಗೂ ಬೇರೆಲ್ಲಿಗೂ ಹೋಗಲಾಗದ ಬಡಜನರ ಸಹನೆ ಸೇರಿ ನಡೆದ ಒಂದು ಸಾಮೂಹಿಕ ವ್ಯವಸ್ಥೆ ಕಾಣುತ್ತದೆ.

ಈ ಲೇಖನದಲ್ಲಿ ‘ಗಡಿ ನಿರ್ಬಂಧ’ ಎಂದರೆ ಇಡೀ ಊರಿನಿಂದ ಹೊರಹೋಗುವುದಕ್ಕೂ ಒಳಬರುವುದಕ್ಕೂ ಹಾಕಿದ ತಡೆ. ‘ರೆಕ್ಟರ್’ ಎಂದರೆ ಒಂದು ಪ್ಯಾರಿಷ್‌ನ, ಅಂದರೆ ಒಂದು ಚರ್ಚಿಗೆ ಸೇರಿದ ಗ್ರಾಮಕ್ಷೇತ್ರದ, ದಶಾಂಶದ ಆದಾಯಕ್ಕೆ ಹಕ್ಕುಳ್ಳ ಪಾದ್ರಿ.

ನೆಲೆ ಮತ್ತು ಹೆಸರು

ಈಮ್ ಶೆಫೀಲ್ಡ್ ನಗರದಿಂದ ನೈಋತ್ಯಕ್ಕೆ, ಇಪ್ಪತ್ತು ಕಿಲೋಮೀಟರಿನೊಳಗೆ ಇದೆ. ಊರಿನ ಉತ್ತರಕ್ಕೆ ಈಮ್ ಎಡ್ಜ್ ಎಂಬ ಒರಟು ಮರಳುಗಲ್ಲಿನ ಏರು, ದಕ್ಷಿಣಕ್ಕೆ ಸುಣ್ಣಕಲ್ಲಿನ ಪ್ರಸ್ಥಭೂಮಿ. ಈ ಎರಡು ಶಿಲೆಗಳು ಕೂಡುವ ಕಡೆ ಬುಗ್ಗೆಗಳು ಏಳುತ್ತವೆ. ನೀರು ಸಿಗುವ ಆ ಸಾಲಿನಲ್ಲೇ ಮನೆಗಳು ಎದ್ದದ್ದರಿಂದ ಊರು ಪೂರ್ವ–ಪಶ್ಚಿಮವಾಗಿ ಒಂದೇ ಉದ್ದ ಬೀದಿಯಾಗಿ ಬೆಳೆದಿದೆ. ಎಡ್ಜ್‌ನ ಬುಗ್ಗೆನೀರನ್ನು ಬೀದಿಗೆ ತಂದು ತುಂಬಿಸುತ್ತಿದ್ದ ಕಲ್ಲಿನ ತೊಟ್ಟಿಗಳು ರಸ್ತೆಬದಿಯಲ್ಲಿ ಈಗಲೂ ಕಾಣಸಿಗುತ್ತವೆ. 1086ರ ಡೂಮ್ಸ್‌ಡೇ ದಾಖಲೆಯಲ್ಲಿ ಊರಿನ ಹೆಸರು ‘ಐಯುಂ’ ಎಂದಿದೆ. ಅದು ಹಳೆಯ ಇಂಗ್ಲಿಷಿನಲ್ಲಿ ನಡುಗಡ್ಡೆಯನ್ನು, ಅಥವಾ ಹೊಳೆಗಳ ನಡುವಿನ ನೆಲವನ್ನು ಸೂಚಿಸುವ ಪದದಿಂದ ಬಂದದ್ದು.

ಉಗಮ ಮತ್ತು ಗಣಿಗಾರಿಕೆ

ಊರಿನ ಮೇಲ್ಭಾಗದ ಈಮ್ ಬಯಲಿನಲ್ಲಿರುವ ವೆಟ್ ವಿದೆನ್ಸ್ ಎಂಬ ಕಲ್ಲುಗಳ ವೃತ್ತ ಕಂಚಿನ ಯುಗದ್ದು. ಚರ್ಚಿನ ಅಂಗಳದಲ್ಲಿ ನಿಂತಿರುವ ಆಂಗ್ಲೋ–ಸ್ಯಾಕ್ಸನ್ ಕಲ್ಲಿನ ಶಿಲುಬೆ 8ನೆಯ ಅಥವಾ 9ನೆಯ ಶತಮಾನಕ್ಕೆ ಸೇರಿದ್ದು. ಅದರ ಕಂಬದ ಒಂದು ಭಾಗ ಕಳೆದುಹೋಗಿದ್ದರೂ ತಲೆಭಾಗ ಉಳಿದಿದೆ. ಇಂಗ್ಲೆಂಡಿನ ಇಂಥ ಶಿಲುಬೆಗಳಲ್ಲಿ ತಲೆ ಉಳಿದಿರುವುದು ಅಪರೂಪ. ಊರು ಪ್ಲೇಗಿಗಿಂತ ಬಹಳ ಹಿಂದಿನದು ಎಂಬುದಕ್ಕೆ ಈ ಎರಡು ಕುರುಹುಗಳೇ ಸಾಕು. ಹೀಗಿದ್ದೂ ಊರಿಗೆ ಬರುವವರು ಶಿಲುಬೆಯನ್ನು ಹೆಚ್ಚಾಗಿ ನೋಡುವುದು ಅದರ ಪಕ್ಕದಲ್ಲಿರುವ, ಪ್ಲೇಗ್ ಕಾಲದ ರೆಕ್ಟರ್‌ನ ಪತ್ನಿ ಕ್ಯಾಥರಿನ್ ಮಾಂಪೆಸನ್ ಸಮಾಧಿಗೆಂದು ಬಂದಾಗ. ತನಗಿಂತ ಎಂಟುನೂರು ವರ್ಷ ಹಿಂದಿನ ಕಲ್ಲನ್ನೂ ಪ್ಲೇಗಿನ ಕಥೆ ತನ್ನ ಅಂಗಳಕ್ಕೆ ಸೇರಿಸಿಕೊಂಡಿದೆ.

ಪೀಕ್ ಪ್ರದೇಶದಲ್ಲಿ ಸೀಸ ತೆಗೆಯುವ ಕೆಲಸ ರೋಮನರ ಕಾಲದಿಂದ ನಡೆದಿದೆ. ಮಧ್ಯಯುಗದಿಂದ ಇಲ್ಲಿನ ಗಣಿಗಳು ತಮ್ಮದೇ ರೂಢಿಗತ ಕಾನೂನಿಗೆ ಒಳಪಟ್ಟಿದ್ದವು. ಅದಿರಿನ ಎಳೆ ಕಂಡ ಸಾಮಾನ್ಯನಿಗೂ ಅಗೆಯುವ ಹಕ್ಕು ಸಿಗುತ್ತಿತ್ತು, ಜಗಳಗಳನ್ನು ‘ಬಾರ್‌ಮೋಟ್’ ಎಂಬ ಗಣಿ ನ್ಯಾಯಾಲಯ ತೀರ್ಮಾನಿಸುತ್ತಿತ್ತು. ಈಮ್‌ನ ರೆಕ್ಟರ್‌ಗೆ ಅದಿರಿನ ಮೇಲೂ ದಶಾಂಶ ಸಲ್ಲುತ್ತಿದ್ದುದರಿಂದ ಆ ಹುದ್ದೆಯ ಆದಾಯ ಗಣಿಯ ಏಳುಬೀಳಿನೊಂದಿಗೆ ಏರಿಳಿಯುತ್ತಿತ್ತು. ಪ್ಲೇಗ್ ಕಾಲದ ನಡವಳಿಕೆಯನ್ನು ಅರಿಯಲು ಈ ಆರ್ಥಿಕ ಹಿನ್ನೆಲೆ ಮುಖ್ಯ. ಗಣಿಯವನ ಜೀವನಾಧಾರ ನೆಲದಡಿಯ ಒಂದು ಎಳೆ ಮತ್ತು ಅದರ ಮೇಲಿನ ರೂಢಿಯ ಹಕ್ಕು. ಎರಡನ್ನೂ ಊರು ಬಿಡುವಾಗ ಹೊತ್ತೊಯ್ಯಲಾಗದು. ಬೇರೆಡೆ ಮನೆಯೋ ನೆಂಟರೋ ಇದ್ದವರಿಗೆ ಹೋಗುವ ದಾರಿಯಿತ್ತು, ಉಳಿದವರಿಗೆ ಇರಲಿಲ್ಲ. ನಿರ್ಬಂಧಕ್ಕೆ ಮೊದಲೇ ಕೆಲವು ಅನುಕೂಲಸ್ಥರು ಊರು ಬಿಟ್ಟದ್ದು, ಸ್ವತಃ ರೆಕ್ಟರ್ ತನ್ನ ಮಕ್ಕಳನ್ನು ಯಾರ್ಕ್‌ಶೈರ್‌ಗೆ ಕಳಿಸಿದ್ದು ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ.

1665–66ರ ಪ್ಲೇಗ್

ಲಂಡನ್ನಿನಲ್ಲಿ ‘ಮಹಾ ಪ್ಲೇಗ್’ ಉಚ್ಛ್ರಾಯದಲ್ಲಿದ್ದ 1665ರ ಬೇಸಿಗೆಯ ಕೊನೆಯಲ್ಲಿ, ಅಲೆಕ್ಸಾಂಡರ್ ಹ್ಯಾಡ್‌ಫೀಲ್ಡ್ ಎಂಬ ದರ್ಜಿಯ ಮನೆಗೆ ಲಂಡನ್ನಿನಿಂದ ಬಟ್ಟೆಯ ಪೆಟ್ಟಿಗೆ ಬಂತು. ದರ್ಜಿಯ ಸಹಾಯಕ ಜಾರ್ಜ್ ವಿಕರ್ಸ್ ಅದನ್ನು ಬಿಚ್ಚಿ, ಒದ್ದೆಯಾಗಿದ್ದ ಬಟ್ಟೆಯನ್ನು ಬೆಂಕಿಯ ಮುಂದೆ ಒಣಹಾಕಿ, ಕೆಲವೇ ದಿನಗಳಲ್ಲಿ ಸತ್ತ ಎಂಬುದು ಪ್ರಚಲಿತ ವಿವರಣೆ. ವಿಕರ್ಸ್‌ನನ್ನು 1665ರ ಸೆಪ್ಟೆಂಬರ್ 7ರಂದು ಹೂಳಿದ್ದು ಪ್ಯಾರಿಷ್ ದಾಖಲೆಯಲ್ಲಿದೆ. ಪೆಟ್ಟಿಗೆಯ ವಿವರವಾದರೋ ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ಬಳಿಕ ಅಚ್ಚಾದದ್ದು. ಹಾಗೆಂದು ಅದನ್ನು ತಳ್ಳಿಹಾಕಬೇಕಿಲ್ಲ. ಸೋಂಕಿನ ಚಿಗಟಗಳು ಬಟ್ಟೆಯ ಮಡಿಕೆಗಳಲ್ಲಿ ದೂರ ಪಯಣಿಸಬಲ್ಲವೆಂದು ಈಗ ತಿಳಿದಿದೆ. ವಿವರಣೆ ಜೀವಶಾಸ್ತ್ರಕ್ಕೆ ಒಪ್ಪುತ್ತದೆ. ಸಮಾಧಿಯ ದಿನಾಂಕದಷ್ಟು ಗಟ್ಟಿಯಾದ ಆಧಾರ ಅದಕ್ಕಿಲ್ಲ ಎಂಬುದಷ್ಟೇ ಇಲ್ಲಿನ ಮಾತು.

ಸಾವು ಒಂದೇ ಸಮನೆ ಏರಲಿಲ್ಲ. 1665ರ ಅಕ್ಟೋಬರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಚಳಿಗಾಲದಲ್ಲಿ ಸಂಖ್ಯೆ ಇಳಿದು, ಮೇ ತಿಂಗಳ ಹೊತ್ತಿಗೆ ರೋಗ ಬಿಟ್ಟುಹೋಯಿತೆನ್ನುವಷ್ಟು ಕಡಿಮೆಯಾಯಿತು. ಜೂನ್‌ನಲ್ಲಿ ಮತ್ತೆ ಎದ್ದು, ಜುಲೈನಲ್ಲಿ ಐವತ್ತಕ್ಕೂ ಹೆಚ್ಚು, ಆಗಸ್ಟ್‌ನಲ್ಲಿ ಎಪ್ಪತ್ತಕ್ಕೂ ಹೆಚ್ಚು ಜೀವ ತೆಗೆಯಿತು. ಕೊನೆಯ ಸಾವು 1666ರ ನವೆಂಬರ್ 1ರದ್ದು. ಗಡಿ ನಿರ್ಬಂಧ ಹೇರಿದ್ದು ಮೊದಲ ಸಾವಾದ ಒಂಬತ್ತು ತಿಂಗಳ ಮೇಲೆ, 1666ರ ಜೂನ್‌ನಲ್ಲಿ. ಅಂದರೆ ಮೊದಲ ಅಲೆಯ ಹೊತ್ತಿನಲ್ಲಿ ಊರು ತೆರೆದೇ ಇತ್ತು. ಎರಡನೆಯ ಅಲೆ ಮೇಲೇಳುತ್ತಿದ್ದಂತೆ, ಅನುಭವದಿಂದ ಹೆದರಿದ ಸಮುದಾಯ ತೆಗೆದುಕೊಂಡ ತೀರ್ಮಾನ ಅದು.

ಆಗ ರೆಕ್ಟರ್ ಆಗಿದ್ದವರು ವಿಲಿಯಂ ಮಾಂಪೆಸನ್. ಅವರು ಊರಿಗೆ ಬಂದದ್ದು 1664ರಲ್ಲಿ. ಊರಿಗೆ ಹೊಸಬರು, ವಯಸ್ಸೂ ಚಿಕ್ಕದು. ಅವರಿಗಿಂತ ಮೊದಲು, ಅಂತರ್ಯುದ್ಧ ಮತ್ತು ಗಣರಾಜ್ಯದ ಕಾಲದಲ್ಲಿ ಇಲ್ಲಿ ಪಾದ್ರಿಯಾಗಿದ್ದ ಪ್ಯೂರಿಟನ್ ಪಂಥದ ಥಾಮಸ್ ಸ್ಟ್ಯಾನ್ಲಿ, 1662ರ ಏಕರೂಪತಾ ಕಾಯ್ದೆಗೆ ತಲೆಬಾಗದೆ ಹುದ್ದೆ ಕಳೆದುಕೊಂಡಿದ್ದರು. ಊರಿನ ಅನೇಕರಿಗೆ ಆಪ್ತರಾಗಿ ಉಳಿದಿದ್ದವರು ಸ್ಟ್ಯಾನ್ಲಿಯೇ. ಇಬ್ಬರೂ ಸೇರಿ ಊರಿನ ಮುಂದೆ ಮೂರು ಕ್ರಮಗಳನ್ನಿಟ್ಟರು. ಸತ್ತವರನ್ನು ಚರ್ಚಿನ ಅಂಗಳಕ್ಕೆ ತರದೆ ಆಯಾ ಮನೆಯವರೇ ತಮ್ಮ ಹಿತ್ತಲಿನಲ್ಲೋ ಹೊಲದಲ್ಲೋ ಬೇಗ ಹೂಳಬೇಕು. ಪ್ರಾರ್ಥನೆಯನ್ನು ಚರ್ಚಿನೊಳಗೆ ನಡೆಸದೆ ಕಕ್ಲೆಟ್ ಡೆಲ್ಫ್ ಎಂಬ ಬಯಲು ಕಣಿವೆಯಲ್ಲಿ, ಕುಟುಂಬಗಳು ದೂರ ದೂರ ನಿಂತು, ನಡೆಸಬೇಕು. ಯಾರೂ ಗೊತ್ತುಪಡಿಸಿದ ಗಡಿ ದಾಟಬಾರದು. ಚಾಟ್ಸ್‌ವರ್ತ್‌ನಲ್ಲಿದ್ದ ಡೆವನ್‌ಶೈರ್ ಅರ್ಲ್ ಹಾಗೂ ನೆರೆಯ ಊರಿನವರು ಆಹಾರವನ್ನೂ ಔಷಧವನ್ನೂ ಗಡಿಯಲ್ಲಿ ಇಟ್ಟು ಹೋಗುತ್ತಿದ್ದರು. ಅದಕ್ಕೆ ಕೊಡುವ ನಾಣ್ಯಗಳನ್ನು ಹರಿಯುವ ನೀರಿನಲ್ಲೋ, ವಿನೆಗರ್ ತುಂಬಿದ ಕಲ್ಲಿನ ಕುಳಿಗಳಲ್ಲೋ ಇಡುತ್ತಿದ್ದರು.

ನಿರ್ಬಂಧ ಎಷ್ಟು ಅಪೂರ್ವ?

ಜನಪ್ರಿಯ ಬರಹಗಳಲ್ಲಿ ಈಮ್‌ನ ನಿರ್ಬಂಧ ಹಿಂದುಮುಂದಿಲ್ಲದೆ ಎದ್ದ ಒಂದು ತ್ಯಾಗದಂತೆ ಬರುತ್ತದೆ. ಆದರೆ ಇಂಗ್ಲೆಂಡಿನಲ್ಲಿ 1578ರಿಂದಲೇ ಪ್ಲೇಗ್ ಕುರಿತ ಸರ್ಕಾರಿ ಆದೇಶಗಳಿದ್ದವು. 1604ರ ಕಾಯ್ದೆ ರೋಗ ಬಂದ ಮನೆಗಳನ್ನು ಮುಚ್ಚಿಸಲು, ಕಾವಲುಗಾರರು ಬಲ ಬಳಸಲು ಅಧಿಕಾರ ಕೊಟ್ಟಿತ್ತು. ಮೈಮೇಲೆ ಗಂಟು ಎದ್ದ ರೋಗಿ ಆಜ್ಞೆ ಮೀರಿ ಜನರ ನಡುವೆ ಓಡಾಡಿದರೆ ಅದನ್ನು ಘೋರ ಅಪರಾಧವೆಂದು ಎಣಿಸಿತ್ತು. ಅದೇ ಕಾಯ್ದೆ, ರೋಗಪೀಡಿತ ಊರು ತನ್ನವರನ್ನು ಸಾಕಲಾರದೆ ಹೋದರೆ ಸುತ್ತಲಿನ ಐದು ಮೈಲಿಯೊಳಗಿನ ಊರುಗಳಿಂದ ತೆರಿಗೆ ಎತ್ತಿ ನೆರವಾಗಬೇಕೆಂದೂ ಹೇಳಿತ್ತು. ತಡೆ ಮತ್ತು ಪೋಷಣೆ ಒಟ್ಟಿಗೇ ಹೋಗಬೇಕೆಂಬ ತಿಳಿವಳಿಕೆ ಈಮ್‌ಗಿಂತ ಅರವತ್ತು ವರ್ಷ ಹಳೆಯದು. ಗಡಿಕಲ್ಲಿನ ಬಳಿ ರೊಟ್ಟಿ ಇಟ್ಟು ನಾಣ್ಯ ಎತ್ತಿಕೊಳ್ಳುವುದು ಈ ತಿಳಿವಳಿಕೆಯ ಗ್ರಾಮೀಣ ರೂಪ.

ಇದಕ್ಕೆ ಒಂದು ಆಕ್ಷೇಪವಿದೆ, ಅದು ತೂಕದ್ದೇ. ಕಾನೂನು ಮಾತನಾಡುವುದು ಹೆಚ್ಚಾಗಿ ಮನೆಗಳ ಬಗ್ಗೆ. ಇಡೀ ಊರನ್ನು, ರೋಗವಿಲ್ಲದ ಮನೆಗಳನ್ನೂ ಸೇರಿಸಿ, ಮುಚ್ಚುವುದು ಬೇರೆ ಸಂಗತಿ. ಮೇಲಾಗಿ ಗುಡ್ಡಗಾಡಿನ ಒಂದು ಗಣಿ ಊರಿನ ಸುತ್ತ ನಾಲ್ಕು ತಿಂಗಳು ಕಾವಲಿಡುವಷ್ಟು ಬಲ ಆಗಿನ ಆಡಳಿತಕ್ಕೆ ಇರಲಿಲ್ಲ. ರಾತ್ರಿ ಹೊತ್ತು ಬಯಲು ದಾಟಿ ಹೋಗಬಯಸಿದವನನ್ನು ತಡೆಯುವುದು ಆಗದ ಮಾತು. ಹಾಗಾಗಿ ಜನರ ಒಪ್ಪಿಗೆ ಇಲ್ಲದೆ ನಿರ್ಬಂಧ ನಿಲ್ಲುತ್ತಿರಲಿಲ್ಲ ಎಂಬ ವಾದ ಸರಿ. ಆದರೆ ಒಪ್ಪಿಗೆ ಒಂದು ಪ್ರವಚನದಿಂದ ಹುಟ್ಟಿತೆಂದು ಇದರಿಂದ ಸಿದ್ಧವಾಗುವುದಿಲ್ಲ. ಹೊರಗೆ ಹೋದರೆ ಯಾವ ಊರೂ ಸೇರಿಸದು, ಒಳಗಿದ್ದರೆ ಹೊಟ್ಟೆಗೆ ಅರ್ಲ್‌ನ ಮಾತಿನ ಭದ್ರತೆಯಿದೆ. ಸರ್ಕಾರಿ ಚರ್ಚಿನ ಹೊಸ ಪಾದ್ರಿಯ ಮಾತನ್ನು ನಂಬದವರು ಹುದ್ದೆ ಕಳೆದುಕೊಂಡ ಹಳೆಯ ಪಾದ್ರಿಯ ಮಾತನ್ನು ನಂಬುತ್ತಾರೆ. ಈ ಮೂರೂ ಸೇರಿದಾಗ ಒಪ್ಪಿಗೆ ಸಾಧ್ಯವಾಯಿತು. ಹೀಗೆ ನೋಡುವುದರಿಂದ ಈಮ್‌ನ ಜನರ ಧೈರ್ಯ ಕಡಿಮೆಯಾಗದು. ಕಾರಣಗಳು ತಿಳಿದಿದ್ದೂ, ಸಾಯುವ ಸಾಧ್ಯತೆ ಕಣ್ಣೆದುರಿದ್ದೂ ಉಳಿದುಕೊಂಡವರ ಸಹನೆ ದೊಡ್ಡದೇ. ಆ ಹಿರಿಮೆ ಒಬ್ಬರಿಗೆ ಸಲ್ಲುವುದರ ಬದಲು ಹಲವರಿಗೆ ಹಂಚಿಹೋಗುತ್ತದೆ.

ಎರಡನೆಯ ಪ್ರಶ್ನೆ ಇನ್ನೂ ಕಠಿಣ: ನಿರ್ಬಂಧದಿಂದ ಫಲವಾಯಿತೇ? ರೋಗ ನೆರೆಯ ಊರುಗಳಲ್ಲಿ ಹಬ್ಬಲಿಲ್ಲ ಎಂಬುದನ್ನು ಯಶಸ್ಸಿನ ಗುರುತೆಂದು ಹೇಳಲಾಗುತ್ತದೆ. ಪ್ಲೇಗಿನ ರೋಗಾಣುವನ್ನು 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅಲೆಕ್ಸಾಂಡ್ರ್ ಯೆರ್ಸಿನ್ ಗುರುತಿಸಿದರು. ಇಲಿಯ ಚಿಗಟದಿಂದ ಅದು ಹರಡುತ್ತದೆಂಬುದನ್ನು 1898ರಲ್ಲಿ ಕರಾಚಿಯಲ್ಲಿ ಪಾಲ್–ಲೂಯಿ ಸಿಮೊಂ ತೋರಿಸಿದರು. ಈ ತಿಳಿವಳಿಕೆಯ ಮೇಲೆ ಒಂದು ಟೀಕೆ ಹುಟ್ಟಿತು: ರೋಗ ಹೊತ್ತದ್ದು ಇಲಿಗಳಾದರೆ ಮನುಷ್ಯರಿಗೆ ಗಡಿ ಹಾಕಿ ಪ್ರಯೋಜನವೇನು, ಇಲಿಗಳಿರುವ ಮನೆಗಳಲ್ಲಿ ಜನರನ್ನು ಉಳಿಸಿ ಸಾವನ್ನು ಹೆಚ್ಚಿಸಿದಂತಾಗಲಿಲ್ಲವೇ? ಕರ್ನಾಟಕದ ಅನುಭವ ಈ ಟೀಕೆಗೆ ಬಲ ಕೊಡುವಂತೆ ಕಾಣುತ್ತದೆ. 1898ರಲ್ಲಿ ಬೆಂಗಳೂರಿಗೂ ಮೈಸೂರು ಸೀಮೆಗೂ ಪ್ಲೇಗ್ ಬಂದ ಮೇಲೆ, ಇಲಿ ಬಿತ್ತೆಂದರೆ ಜನ ಮನೆಗಳಿಗೆ ಬೀಗ ಹಾಕಿ ಊರಾಚೆಯ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ವಾರಗಟ್ಟಲೆ ಇರುತ್ತಿದ್ದರು. ಮನೆ ಬಿಡುವುದು ಮತ್ತು ಸೀಮೆ ಬಿಡುವುದು ಬೇರೆ ಬೇರೆ ಎಂಬುದನ್ನು ಈ ಪದ್ಧತಿ ಸ್ಪಷ್ಟವಾಗಿ ತೋರಿಸುತ್ತದೆ. ಈಮ್‌ನಲ್ಲೂ ಗಡಿಯೊಳಗಿನ ಬಯಲಿನಲ್ಲಿ ಗುಡಿಸಲು ಹಾಕಿದ್ದುಂಟೆಂದು ಹಳೆಯ ವಿವರಣೆಗಳು ಹೇಳುತ್ತವೆ. ಆದರೆ ಬಹುಪಾಲು ಜನ ತಮ್ಮ ಮನೆಗಳಲ್ಲೇ ಉಳಿದರು.

2016ರಲ್ಲಿ ಲಿಲಿತ್ ವಿಟಲ್ಸ್ ಮತ್ತು ಗ್ಜೇವಿಯರ್ ಡಿಡೆಲೊ ಎಂಬ ಸಂಶೋಧಕರು ಈಮ್‌ನ ಸಾವಿನ ದಿನಾಂಕಗಳನ್ನೂ ಕುಟುಂಬಗಳ ವಿವರವನ್ನೂ ಗಣಿತ ಮಾದರಿಗೆ ಒಳಪಡಿಸಿ ಈ ಪ್ರಶ್ನೆಯನ್ನು ಮತ್ತೆ ತೆರೆದರು. ಅವರ ಅಂದಾಜಿನಂತೆ ಸೋಂಕುಗಳಲ್ಲಿ ಸುಮಾರು ಕಾಲುಭಾಗ ಮಾತ್ರ ಇಲಿಗಳಿಂದ ಬಂದದ್ದು, ಮುಕ್ಕಾಲು ಭಾಗ ಮನುಷ್ಯರಿಂದ ಮನುಷ್ಯರಿಗೆ ಹರಡಿದ್ದು. ಒಂದೇ ಮನೆಯೊಳಗೆ ಹರಡುವ ವೇಗ ಮನೆಯಿಂದ ಮನೆಗೆ ಹರಡುವುದಕ್ಕಿಂತ ಹೆಚ್ಚಾಗಿತ್ತು. ಮನುಷ್ಯರ ಮೈಮೇಲಿನ ಚಿಗಟ, ಹೇನು ಅಥವಾ ಶ್ವಾಸಕೋಶದ ಸೋಂಕು ಇದಕ್ಕೆ ದಾರಿಯಾಗಿರಬಹುದು. ಮಾದರಿ ಎಂದರೆ ಅಂದಾಜು. ಅದು ಆಧರಿಸುವ ದಾಖಲೆಯ ಮಿತಿಗಳು ಅದಕ್ಕೂ ತಗಲುತ್ತವೆ. ಆದರೂ ಮನುಷ್ಯರ ಓಡಾಟವೇ ಮುಖ್ಯ ದಾರಿಯಾಗಿದ್ದರೆ ಅದನ್ನು ತಡೆದದ್ದು ನೆರೆಯ ಊರುಗಳಿಗೆ ರಕ್ಷಣೆಯಾಗಿತ್ತೆಂದು ಒಪ್ಪಬೇಕಾಗುತ್ತದೆ. ಮನೆಯೊಳಗೇ ರೋಗ ಹೆಚ್ಚು ಹರಡಿತೆಂಬುದು ನಿಜವಾದರೆ, ಕುಟುಂಬಗಳನ್ನು ಮನೆಗಳಲ್ಲೇ ಉಳಿಸಿದ್ದಕ್ಕೆ ಊರು ಭಾರಿ ಬೆಲೆ ತೆತ್ತಿತೆಂಬುದನ್ನೂ ಒಪ್ಪಬೇಕು. ಹೊರಗಿನವರಿಗೆ ಲಾಭ, ಒಳಗಿನವರಿಗೆ ನಷ್ಟ. ಎರಡೂ ಒಂದೇ ಕ್ರಮದ ಫಲ.

ಸಾವಿನ ಲೆಕ್ಕ

ಪ್ಲೇಗ್ ಮುಗಿದ ಮೇಲೆ, 1666ರ ನವೆಂಬರ್ 20ರಂದು ಬರೆದ ಪತ್ರದಲ್ಲಿ ಮಾಂಪೆಸನ್ ತಮ್ಮ ಪ್ಯಾರಿಷ್‌ನ 76 ಕುಟುಂಬಗಳಿಗೆ ರೋಗ ತಗಲಿ 259 ಜನ ಸತ್ತರೆಂದು ತಿಳಿಸುತ್ತಾರೆ. ಪ್ಯಾರಿಷ್ ದಾಖಲೆಯಿಂದ ಎಣಿಸಿದವರು 257, 260, 273 ಎಂದು ಬೇರೆ ಬೇರೆ ಮೊತ್ತಗಳನ್ನು ಕೊಟ್ಟಿದ್ದಾರೆ. ಆ ಅವಧಿಯ ಎಲ್ಲ ಸಾವುಗಳೂ ಪ್ಲೇಗಿನವಲ್ಲವಾದ್ದರಿಂದಲೂ, ಈಗ ಉಳಿದಿರುವ ದಾಖಲೆ 18ನೆಯ ಶತಮಾನದ ಆರಂಭದಲ್ಲಿ ಮಾಡಿದ ಪ್ರತಿಯಾದ್ದರಿಂದಲೂ ಈ ವ್ಯತ್ಯಾಸ ಸಹಜ. ಸತ್ತವರ ಸಂಖ್ಯೆಯ ಬಗ್ಗೆ ದೊಡ್ಡ ಜಗಳವಿಲ್ಲ. ಜಗಳವಿರುವುದು ಬದುಕಿದವರ ಬಗ್ಗೆ.

ಹಳೆಯ ಬರಹಗಳು ಊರಿನಲ್ಲಿದ್ದವರು 350, ಉಳಿದವರು 83 ಎನ್ನುತ್ತವೆ. ಹಾಗಾದರೆ ನಾಲ್ಕರಲ್ಲಿ ಮೂವರು ಸತ್ತರು. ಒಲೆಗಳ ಮೇಲಿನ ತೆರಿಗೆಯ ಪಟ್ಟಿ ಮತ್ತು ಪ್ಯಾರಿಷ್ ದಾಖಲೆಗಳನ್ನು ಜೋಡಿಸಿ ನೋಡಿದ ಈಚಿನ ಸಂಶೋಧಕರು ಪ್ಯಾರಿಷ್‌ನ ಜನಸಂಖ್ಯೆ 700ರಿಂದ 800 ಇದ್ದಿರಬೇಕೆನ್ನುತ್ತಾರೆ. ಆಗ ಸತ್ತವರು ಮೂವರಲ್ಲಿ ಒಬ್ಬರು. ಮಾಂಪೆಸನ್ ಪತ್ರವೇ ಈ ಎರಡನೆಯ ಲೆಕ್ಕಕ್ಕೆ ಒಲಿಯುತ್ತದೆ. ರೋಗ ತಗಲಿದ 76 ಕುಟುಂಬಗಳಲ್ಲಿ ಸರಾಸರಿ ನಾಲ್ಕೂವರೆ ಜನರಿದ್ದರೆಂದು ಹಿಡಿದರೆ ಮೊತ್ತ ಸುಮಾರು 340 ಆಗುತ್ತದೆ. ಹಳೆಯ ಬರಹಗಳು ಇಡೀ ಊರಿನದೆಂದು ಹೇಳುವ 350, ರೋಗ ಹೊಕ್ಕ ಮನೆಗಳ ಜನಸಂಖ್ಯೆಯಷ್ಟೇ ಇರಬಹುದೆಂದು ಇದರಿಂದ ಊಹಿಸಬಹುದು. ರೋಗ ಮುಟ್ಟದ ಮನೆಗಳವರು ಕಥೆಯಿಂದ ಹೊರಗುಳಿದರು. ಅವರೂ ಗಡಿಯೊಳಗೇ ಉಳಿದು ಅದೇ ನಿಯಮ ಪಾಲಿಸಿದವರು.

ಪ್ರಮಾಣ ಕಡಿಮೆಯಾದರೆ ಘಟನೆಯ ಗುರುತ್ವ ಕುಗ್ಗುತ್ತದೆ ಎಂಬ ಅಂಜಿಕೆಗೆ ಆಧಾರವಿಲ್ಲ. ಮೂರರಲ್ಲಿ ಒಂದು ಪಾಲು ಎಂಬುದು ಲಂಡನ್ನಿನ ಪ್ರಮಾಣವನ್ನು ಮೀರಿದ್ದು. ಅಲ್ಲಿ 1665ರಲ್ಲಿ ಸತ್ತವರು ಐದರಲ್ಲಿ ಒಂದು ಪಾಲಿನ ಆಸುಪಾಸು. ಇನ್ನೊಂದು ಹೋಲಿಕೆಯೂ ಇಲ್ಲಿ ಬೇಕು. ಅದೇ ವರ್ಷಗಳಲ್ಲಿ ಎಸೆಕ್ಸ್‌ನ ಕಾಲ್ಚೆಸ್ಟರ್ ಪಟ್ಟಣದಲ್ಲಿ ಸುಮಾರು ಐದು ಸಾವಿರ ಜನ ಪ್ಲೇಗಿನಿಂದ ಸತ್ತರು. ಈಮ್‌ನ ಹತ್ತಾರು ಪಟ್ಟು ಸತ್ತ ಆ ಪಟ್ಟಣವನ್ನು ಯಾರೂ ಪ್ಲೇಗಿನ ಊರೆಂದು ಕರೆಯುವುದಿಲ್ಲ. ನೆನಪು ಸಾವಿನ ಎಣಿಕೆಯನ್ನು ಹಿಂಬಾಲಿಸಿ ಬರುವುದಿಲ್ಲ, ಅದಕ್ಕೆ ಬೇರೆ ಕಾರಣಗಳು ಬೇಕು.

ನೆನಪಿನ ಇತಿಹಾಸ

ಮಾಂಪೆಸನ್ 1669ರಲ್ಲಿ ಈಮ್ ಬಿಟ್ಟು ನಾಟಿಂಗ್‌ಹ್ಯಾಮ್‌ಶೈರ್‌ನ ಈಕ್‌ರಿಂಗ್‌ಗೆ ಹೋದರು, 1709ರಲ್ಲಿ ತೀರಿಕೊಂಡರು. ಸ್ಟ್ಯಾನ್ಲಿ 1670ರಲ್ಲಿ ಈಮ್‌ನಲ್ಲೇ ತೀರಿಕೊಂಡಿದ್ದರು. ಅರ್ಧ ಶತಮಾನ ಈ ಘಟನೆ ಹೊರಜಗತ್ತಿಗೆ ಹೆಚ್ಚೇನೂ ತಿಳಿದಿರಲಿಲ್ಲ. 1720ರಲ್ಲಿ ಫ್ರಾನ್ಸಿನ ಮಾರ್ಸೆಯ್ ಬಂದರಿನಲ್ಲಿ ಪ್ಲೇಗ್ ಎದ್ದಾಗ ಬ್ರಿಟಿಷ್ ಸರ್ಕಾರ ವೈದ್ಯ ರಿಚರ್ಡ್ ಮೀಡ್‌ರ ಸಲಹೆ ಕೇಳಿತು. ಅವರ ಪುಸ್ತಕದ 1722ರ ಆವೃತ್ತಿಯಲ್ಲಿ ಈಮ್‌ನ ವಿವರ ಕಾಣಿಸಿತು. ಮಾಂಪೆಸನ್ ಅವರ ಮಗನಿಂದಲೂ ಮೀಡ್‌ಗೆ ಮಾಹಿತಿ ದೊರಕಿತ್ತು. ಬಟ್ಟೆಯ ಪೆಟ್ಟಿಗೆ, ಬಯಲಿನ ಗುಡಿಸಲು, ಅರ್ಲ್‌ನ ನೆರವಿನಿಂದ ಬಂದ ಸಾಮಗ್ರಿ, ಗಡಿಯ ತಡೆ ಎಲ್ಲವೂ ಅಲ್ಲಿವೆ. ಮೀಡ್‌ಗೆ ಬೇಕಾಗಿದ್ದದ್ದು ಸರ್ಕಾರ ಅನುಸರಿಸಬಹುದಾದ ಒಂದು ಮಾದರಿ. ಹಾಗಾಗಿ ಅವರ ಈಮ್ ಒಳ್ಳೆಯ ಆಡಳಿತದ ಉದಾಹರಣೆ.

ಮುಂದಿನ ರೂಪಾಂತರ ಊರಿನ ಒಳಗಿಂದಲೇ ಬಂತು. ಈಮ್‌ನ ರೆಕ್ಟರ್ ಥಾಮಸ್ ಸೀವರ್ಡ್ ಅವರ ಮಗಳು, 1742ರಲ್ಲಿ ಇಲ್ಲೇ ಹುಟ್ಟಿದ ಕವಯಿತ್ರಿ ಅನ್ನಾ ಸೀವರ್ಡ್, 1765ರ ಒಂದು ಪತ್ರದಲ್ಲಿ ಘಟನೆಯನ್ನು ಪಾದ್ರಿ ದಂಪತಿಯ ಪ್ರೇಮ ಮತ್ತು ತ್ಯಾಗದ ಕಥೆಯಾಗಿ ಹೇಳಿದರು. 1666ರ ಆಗಸ್ಟ್ 25ರಂದು ಸತ್ತ ಕ್ಯಾಥರಿನ್ ಆ ಕಥೆಯ ಕೇಂದ್ರಕ್ಕೆ ಬಂದರು. 1827ರಲ್ಲಿ ವಿಲಿಯಂ ಮತ್ತು ಮೇರಿ ಹೌಯಿಟ್ ಇದನ್ನು ಕಾವ್ಯವಾಗಿಸಿದರು. 1842ರಲ್ಲಿ ಊರಿನವರೇ ಆದ ವಿಲಿಯಂ ವುಡ್ ಬರೆದ ಈಮ್‌ನ ಇತಿಹಾಸ ಊರಿನಲ್ಲಿ ಬಾಯಿಮಾತಾಗಿದ್ದ ಪ್ರಸಂಗಗಳನ್ನೆಲ್ಲ ಒಂದುಗೂಡಿಸಿತು. ಕಣಿವೆಯ ಎರಡು ಬದಿಯಲ್ಲಿ ನಿಂತು ಒಬ್ಬರನ್ನೊಬ್ಬರು ನೋಡುತ್ತಿದ್ದ ಎಮ್ಮಟ್ ಸಿಡಾಲ್ ಮತ್ತು ರೋಲಂಡ್ ಟಾರ್ ಎಂಬ ಪ್ರೇಮಿಗಳ ಕಥೆ ಇಂಥದ್ದು. ಸಿಡಾಲ್ ಕುಟುಂಬದ ಸಾವುಗಳಿಗೆ ದಾಖಲೆಯಿದೆ, ಪ್ರೇಮಕಥೆಗೆ ಆಧಾರ ಬಾಯಿಮಾತು. ಇತಿಹಾಸಕಾರ ಪ್ಯಾಟ್ರಿಕ್ ವಾಲಿಸ್ 2006ರ ಅಧ್ಯಯನದಲ್ಲಿ, ಪ್ರತಿ ತಲೆಮಾರೂ ತನ್ನ ಕಾಲದ ರೋಗಭಯ ಮತ್ತು ಧರ್ಮಭಾವನೆಗೆ ತಕ್ಕಂತೆ ಈ ಕಥೆಯನ್ನು ಹೇಗೆ ತಿದ್ದಿಕೊಂಡಿತೆಂದು ತೋರಿಸಿದ್ದಾರೆ.

ಸ್ಟ್ಯಾನ್ಲಿಯ ಪಾಲು ಈ ವಾದಕ್ಕೆ ಒಳ್ಳೆಯ ಪರೀಕ್ಷೆ. ಸರ್ಕಾರಿ ಚರ್ಚಿನ ಪರಂಪರೆಯಲ್ಲಿ ಬೆಳೆದ ಕಥೆಯಲ್ಲಿ ಅವರ ಹೆಸರು ಬಹುಕಾಲ ಮಸುಕಾಗಿತ್ತು. ಆದರೆ ‘ಪೀಕ್‌ನ ಧರ್ಮದೂತ’ ಎನಿಸಿದ ವಿಲಿಯಂ ಬ್ಯಾಗ್‌ಷಾ 1702ರಲ್ಲೇ, ಅಂದರೆ ಮೀಡ್‌ಗಿಂತ ಇಪ್ಪತ್ತು ವರ್ಷ ಮೊದಲು, ಪ್ಲೇಗ್ ಕಾಲದ ಸ್ಟ್ಯಾನ್ಲಿಯ ಸೇವೆಯನ್ನು ದಾಖಲಿಸಿದ್ದರು. ಆಧಾರ ಇದ್ದೂ ಕಾಣದೆ ಹೋದದ್ದು ಪಂಥಭೇದದಿಂದ. ಇಬ್ಬರನ್ನೂ ಸಮನಾಗಿ ಹೆಸರಿಸುವ ಈಗಿನ ರೂಢಿ ತಡವಾಗಿ ಆದ ನ್ಯಾಯ.

ಸ್ಮಾರಕಗಳು

ಸೇಂಟ್ ಲಾರೆನ್ಸ್ ಚರ್ಚು ಊರಿನ ನಡುವೆ ಇದೆ. ಅದರ ಗೋಡೆಗಳಲ್ಲಿ ಇಸ್ರೇಲಿನ ಹನ್ನೆರಡು ಕುಲಗಳ ಲಾಂಛನಗಳನ್ನು ತೋರಿಸುವ ಹಳೆಯ ವರ್ಣಚಿತ್ರಗಳು ಉಳಿದಿವೆ. ಹೊರಗೋಡೆಯಲ್ಲಿ 1775ರ ದೊಡ್ಡ ನೆರಳು ಗಡಿಯಾರವಿದೆ. ಪ್ಲೇಗಿನ ಕಥೆ ಹೇಳುವ ಬಣ್ಣದ ಗಾಜಿನ ಕಿಟಕಿ 1985ರದ್ದು. ಘಟನೆಗೂ ಈ ಚಿತ್ರಣಕ್ಕೂ ಮೂರು ಶತಮಾನಗಳ ಅಂತರ. ಹತ್ತಿರದ ‘ಪ್ಲೇಗ್ ಕಾಟೇಜ್’ಗಳ ಸಾಲಿನಲ್ಲಿ ವಿಕರ್ಸ್ ಸತ್ತ ಮನೆಯೂ ಸೇರಿದೆ. ಅವುಗಳ ಮುಂದೆ ಸತ್ತವರ ಹೆಸರುಗಳ ಫಲಕಗಳಿವೆ.

ಊರಿನ ಪೂರ್ವಕ್ಕೆ, ಏರಿನ ಹೊಲದಲ್ಲಿ ರೈಲಿ ಸಮಾಧಿಗಳು. ನ್ಯಾಷನಲ್ ಟ್ರಸ್ಟ್ ವಶದಲ್ಲಿರುವ ಇವು ಹ್ಯಾಂಕಾಕ್ ಕುಟುಂಬದವು. 1666ರ ಆಗಸ್ಟ್ ಮೊದಲಲ್ಲಿ ಎಲಿಜಬೆತ್ ಹ್ಯಾಂಕಾಕ್ ಎಂಟು ದಿನಗಳೊಳಗೆ ಗಂಡನನ್ನೂ ಆರು ಮಕ್ಕಳನ್ನೂ ಕಳೆದುಕೊಂಡು ತಾವೇ ಹೂಳಿದರು. ಮನೆಯವರೇ ಹೂಳಬೇಕೆಂಬ ನಿಯಮದ ಅರ್ಥವೇನಾಗಿತ್ತೆಂದು ಯಾವ ಪತ್ರಕ್ಕಿಂತಲೂ ನೇರವಾಗಿ ಈ ಕಲ್ಲುಗಳು ಹೇಳುತ್ತವೆ. ಒಂದು ವೃತ್ತಾಕಾರದ ಕಲ್ಲುಗೋಡೆಯೊಳಗೆ ಅವು ಉಳಿದುಬಂದಿವೆ. ಪ್ಲೇಗಿನಲ್ಲಿ ಸತ್ತ ಬಹುಪಾಲು ಜನರ ಸಮಾಧಿಗಳಿಗೆ ಇಂದು ಯಾವ ಗುರುತೂ ಇಲ್ಲ.

ಗಡಿಕಲ್ಲು ಈಮ್ ಮತ್ತು ಸ್ಟೋನಿ ಮಿಡಲ್ಟನ್ ನಡುವಿನ ಕಾಲುದಾರಿಯಲ್ಲಿದೆ. ಅದರ ಮೇಲೆ ನಾಣ್ಯಗಳಿಗೆಂದು ಹೇಳುವ ಕುಳಿಗಳಿವೆ. ಎಡ್ಜ್‌ನ ಮೇಲಿರುವ ಮಾಂಪೆಸನ್ ಬುಗ್ಗೆಯೂ ಇಂಥದೇ ವಿನಿಮಯದ ತಾಣ. ಬುಗ್ಗೆ ರೆಕ್ಟರ್‌ನ ಹೆಸರು ಹೊತ್ತಿದೆ, ಗಡಿಕಲ್ಲಿಗೆ ಯಾರ ಹೆಸರೂ ಇಲ್ಲ. ಆದರೆ ನಿರ್ಬಂಧವನ್ನು ನಿಜವಾಗಿ ನಡೆಸಿದ್ದು ಇಂಥ ಕಲ್ಲುಗಳ ಬಳಿ ದಿನದಿನವೂ ನಡೆದ ಕೊಡುಕೊಳ್ಳುವಿಕೆ. ಆದ್ದರಿಂದ ಊರಿನ ಸ್ಮಾರಕಗಳಲ್ಲಿ ಇತಿಹಾಸದ ದೃಷ್ಟಿಯಿಂದ ಮೊದಲ ಸ್ಥಾನ ಸಲ್ಲಬೇಕಾದದ್ದು ಇವಕ್ಕೆ. ಬೀದಿಯ ಈಮ್ ಹಾಲ್ ಎಂಬ ಕಲ್ಲಿನ ಮನೆಯನ್ನು ರೈಟ್ ಕುಟುಂಬ 1672ರಲ್ಲಿ ಕಟ್ಟಿಸಿತು. ಪ್ಲೇಗ್ ಮುಗಿದ ಆರೇ ವರ್ಷಗಳಲ್ಲಿ ಇಂಥ ಮನೆ ಎದ್ದದ್ದು, ಊರು ನಿರ್ನಾಮವಾಯಿತೆಂಬ ಹಳೆಯ ಚಿತ್ರಣಕ್ಕೆ ಹೊಂದುವುದಿಲ್ಲ.

ಇಂದಿನ ಸ್ಥಿತಿ

ಗಣಿಗಾರಿಕೆಯೇ ಅಲ್ಲದೆ ನೇಯ್ಗೆ ಮತ್ತು ಪಾದರಕ್ಷೆಯ ಕಾರ್ಖಾನೆಗಳೂ ಊರಿಗೆ ಅನ್ನ ಕೊಟ್ಟಿದ್ದವು. 20ನೆಯ ಶತಮಾನದಲ್ಲಿ ಸೀಸದ ಜಾಗಕ್ಕೆ ಫ್ಲೋರ್‌ಸ್ಪಾರ್ ಖನಿಜ ಬಂತು. ಈಗ ಊರಿನ ಆದಾಯದಲ್ಲಿ ಪ್ರವಾಸಿಗರ ಪಾಲು ದೊಡ್ಡದು. 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾದ ಮೇಲೆ ಹೊಸ ಕಟ್ಟಡಗಳಿಗೆ ಕಟ್ಟುಪಾಡುಗಳಿವೆ. ಊರಿನ ವಸ್ತುಸಂಗ್ರಹಾಲಯ 1994ರಲ್ಲಿ ತೆರೆಯಿತು.

ಪ್ಲೇಗ್ ಸಂಶೋಧನೆಯೂ ಊರಿಗೆ ಬರುತ್ತಲೇ ಇದೆ. ಸಿಸಿಆರ್5 ಎಂಬ ಜೀನಿನ ಒಂದು ರೂಪಾಂತರ ಬದುಕುಳಿದವರನ್ನು ಕಾಪಾಡಿತೆಂಬ ಊಹೆಯ ಮೇಲೆ ಅಮೆರಿಕದ ತಳಿವಿಜ್ಞಾನಿ ಸ್ಟೀಫನ್ ಒಬ್ರಿಯನ್ ಅವರ ತಂಡ ಈಮ್‌ನ ಹಳೆಯ ಕುಟುಂಬಗಳ ವಂಶಸ್ಥರನ್ನು ಪರೀಕ್ಷಿಸಿತು. 2004ರಲ್ಲಿ ಪ್ರಕಟವಾದ, ಇಲಿಗಳ ಮೇಲಿನ ಪ್ರಯೋಗಗಳು ಆ ಜೀನಿನ ಕೊರತೆ ಪ್ಲೇಗಿನಿಂದ ಕಾಪಾಡುವುದಿಲ್ಲವೆಂದು ತೋರಿಸಿದವು. ಊಹೆ ದುರ್ಬಲಗೊಂಡಿದ್ದರೂ ಜನಪ್ರಿಯ ಬರಹಗಳಲ್ಲಿ ಇನ್ನೂ ಉಳಿದುಕೊಂಡಿದೆ. 2020ರಲ್ಲಿ ಕೋವಿಡ್ ಲಾಕ್‌ಡೌನ್ ಬಂದಾಗ ಈಮ್ ಮತ್ತೆ ಪತ್ರಿಕೆಗಳಲ್ಲಿ ಉದಾಹರಣೆಯಾಯಿತು. ಆಹಾರದ ಭರವಸೆ ಇಲ್ಲದೆ ತಡೆ ನಿಲ್ಲುವುದಿಲ್ಲ ಎಂಬ 1604ರ ಕಾಯ್ದೆಯ ಅಂಶ ಆ ಚರ್ಚೆಗೂ ಸಂಗತವಾಗಿತ್ತು.

1866ರ ದ್ವಿಶತಮಾನದ ಸ್ಮರಣೆಯಿಂದ ಬೆಳೆದ ‘ಪ್ಲೇಗ್ ಭಾನುವಾರ’ವನ್ನು ಈಗ ಆಗಸ್ಟ್ ತಿಂಗಳ ಕೊನೆಯ ಭಾನುವಾರ ಆಚರಿಸಲಾಗುತ್ತದೆ. ಅಂದು ಕ್ಯಾಥರಿನ್ ಸಮಾಧಿಗೆ ಹೂಮಾಲೆ ಇಟ್ಟು, ಕಕ್ಲೆಟ್ ಡೆಲ್ಫ್‌ನ ಬಯಲಿನಲ್ಲಿ ಪ್ರಾರ್ಥನೆ ನಡೆಸುತ್ತಾರೆ. ಅದೇ ದಿನಗಳಲ್ಲಿ ಡರ್ಬಿಶೈರ್‌ನ ರೂಢಿಯಂತೆ ಊರಿನ ಬಾವಿಗಳನ್ನು ಹೂವಿನ ಎಸಳುಗಳ ಚಿತ್ರಫಲಕಗಳಿಂದ ಸಿಂಗರಿಸುತ್ತಾರೆ. ಈಮ್‌ನಲ್ಲಿ ಈ ಪದ್ಧತಿ 20ನೆಯ ಶತಮಾನದ ನಡುವಿನಲ್ಲಿ ಶುರುವಾದದ್ದು.